ಅಡ್ಡಿ ಇಲ್ಲ

ಹ್ಯಾಂಬರ್ಗ್‌ನಲ್ಲಿ ಭಾನುವಾರ ಸಪ್ಪಳ ಮಾಡಬಾರದು ಅಂತ ಆಸ್ಪತ್ರೆಯವರು ನಂದಾಗೆ ಬಂದ ವಾರವೇ ತಿಳಿಸಿ ಹೇಳಿದ್ದರು. ಗೋಡೆಗೆ ಮೊಳೆ ಹೊಡೆಯಬಾರದು, ಖಾಲಿ ಬಾಟಲಿಗಳನ್ನು ಡಬ್ಬಿಗೆ ಎಸೆಯಬಾರದು, ಜೋರಾಗಿ ಹಾಡು ಹಚ್ಚಬಾರದು. ರೊಟ್ಟಿ ಬಡಿಯಬಾರದು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಜಗತ್ತಿನಲ್ಲಿ ಹಾಗೊಂದು ಸಪ್ಪಳ ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ.

ನಂದಾ ಅಣ್ಣಿಗೇರಿಯವಳು. ನರ್ಸಿಂಗ್ ಓದಿ, ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಲೇ ಜರ್ಮನ್ ಕಲಿತು, ಸೂಟ್‌ಕೇಸಿನ ಅರ್ಧ ಜಾಗವನ್ನು ಜೋಳದ ಹಿಟ್ಟಿಗೇ ಬಿಟ್ಟುಕೊಟ್ಟು ಈ ದೊಡ್ಡ ಶಹರಕ್ಕೆ ಬಂದಿಳಿದವಳು. ಆ ಭಾನುವಾರ ಬೆಳಿಗ್ಗೆ ಮನೆಯ ನೆನಪು ತಡೆಯಲಾಗದೆ ನೆಲದ ಮೇಲೆ ಮಣೆ ಇಟ್ಟುಕೊಂಡು ಕೂತಳು. ತಪ್ ತಪ್ ತಪ್. ಎರಡನೆಯ ರೊಟ್ಟಿ ಇನ್ನೂ ಅಗಲವಾಗಿರಲಿಲ್ಲ, ಕೆಳಗಿನ ಮನೆಯಿಂದ ಯಾರೋ ಛಾವಣಿಗೆ ಕೋಲಿನಿಂದ ಗುದ್ದಿದರು. ಧಡ್ ಧಡ್ ಧಡ್.

ಅವಳ ಕೈ ಅಲ್ಲೇ ನಿಂತಿತು. ಪೊಲೀಸರು ಬರುತ್ತಾರೆ, ವೀಸಾ ಹೋಗುತ್ತದೆ, ಅಪ್ಪ ಊರೊಳಗೆ ತಲೆ ತಗ್ಗಿಸಿ ಓಡಾಡಬೇಕಾಗುತ್ತದೆ. ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಕಣ್ಣೆದುರು ಬಂದುಹೋಯಿತು. ಬೆಂದಿದ್ದ ಒಂದೇ ಒಂದು ರೊಟ್ಟಿಯನ್ನು ತಟ್ಟೆಯಲ್ಲಿಟ್ಟುಕೊಂಡು, ಕ್ಷಮೆ ಕೇಳುವ ಜರ್ಮನ್ ಮಾತನ್ನು ಮೆಟ್ಟಿಲು ಮೆಟ್ಟಿಲಿಗೂ ಬಾಯಿಪಾಠ ಮಾಡುತ್ತ ಕೆಳಗಿಳಿದಳು.

ಬಾಗಿಲು ತೆರೆದವನು ಎತ್ತರದ ಹುಡುಗ. ಬಿಸಿಲಿಗೆ ಕಂದಿದ ಮುಖ, ಕೈಯಲ್ಲಿ ಇನ್ನೂ ಉದ್ದ ಹಿಡಿಯ ಕಸಬರಿಗೆ. ಅವನು ಮೊದಲು ರೊಟ್ಟಿಯನ್ನು ನೋಡಿದ, ಆಮೇಲೆ ಅವಳ ಮುಂಗೈಗೆ ಮೆತ್ತಿದ ಹಿಟ್ಟನ್ನು, ಕೊನೆಗೆ ಮುಖವನ್ನು.

"ಎಂಟ್‌ಶುಲ್ಡಿಗುಂಗ್..." ಅಂತ ನಂದಾ ಶುರು ಮಾಡಿದಳು.

"ಯಾಕ ನಿಲ್ಲಿಸಿದ್ರಿ? ಬಡೀರಿ!" ಅಂದ ಅವನು.

ನಂದಾ ಬಾಯಿಪಾಠ ಮಾಡಿದ ಜರ್ಮನ್ ಹಾರಿಹೋಗಿತ್ತು, ಕನ್ನಡ ಇನ್ನೂ ಬಂದಿರಲಿಲ್ಲ.

"ಅಲ್ರೀ, ನೀವು ಕೋಲ್ ತಗೊಂಡು ಗುದ್ದಿದ್ರಿ..."

"ಮ್ಯಾಲೆ ನಮ್ಮ ಕಡೇವ್ರು ಯಾರೋ ಅದಾರಲ್ಲ ಅಂತ ಕರದೆ ನಾನು. ರೊಟ್ಟಿ ಸಪ್ಪಳ ಯಾವುದು, ಮೊಳಿ ಬಡ್ಯೂ ಸಪ್ಪಳ ಯಾವುದು ಅಷ್ಟೂ ಗೊತ್ತಾಗಂಗಿಲ್ಲೇನ್ರಿ ನಮಗ?"

ಅವನ ಹೆಸರು ಯಲ್ಲೇಶ, ಕಲಘಟಗಿ ಕಡೆಯ ಬಮ್ಮಿಗಟ್ಟಿಯವನು. ಸಮುದ್ರದೊಳಗೆ ನಿಲ್ಲಿಸಿದ ಗಾಳಿಯಂತ್ರಗಳನ್ನು ರಿಪೇರಿ ಮಾಡುವ ಕೆಲಸ. ಇಷ್ಟು ಪರಿಚಯ ಮುಗಿಯುವುದರೊಳಗೆ ರೊಟ್ಟಿಯೂ ಮುಗಿದಿತ್ತು, ಬಾಗಿಲಲ್ಲಿ ನಿಂತಂತೆಯೇ. ಕೊನೆಯ ಚೂರನ್ನು ನುಂಗಿ ಅವನು ಗಂಭೀರವಾಗಿ ಹೇಳಿದ: "ಅಡ್ಡಿ ಇಲ್ರಿ."

ಬೇರೆ ಸೀಮೆಯ ಹುಡುಗಿಯಾಗಿದ್ದರೆ ತಟ್ಟೆ ಕಿತ್ತುಕೊಂಡು ಹೊರಟುಬಿಡುತ್ತಿದ್ದಳು. ನಂದಾ ಮಾತ್ರ ಕಿವಿಯವರೆಗೂ ಕೆಂಪಾದಳು. ಧಾರವಾಡದ ಹಳ್ಳಿಗಳಲ್ಲಿ ಹೊಗಳಿಕೆಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ಯಾರಾದರೂ "ಭಾಳ ಚಲೋ ಆಗೇತಿ" ಅಂದರೆ ಅವರಿಗೆ ನಿಮ್ಮಿಂದ ಏನೋ ಕೆಲಸ ಆಗಬೇಕಿದೆ ಅಂತ ಅರ್ಥ. ನಂದಾಳ ಅಪ್ಪ ಕುಬೇರಪ್ಪನವರಂತೂ ಆ ಮಾತನ್ನೂ ಅಳೆದು ತೂಗಿ ಆಡುವವರು. ಅಣ್ಣಿಗೇರಿಯಲ್ಲಿ ಅವರದು ಕಾಳಿನ ಅಂಗಡಿ. ಕಡಲೆ ಕೈಯಲ್ಲಿ ಹಿಡಿದು ಅವರು ಸುಮ್ಮನಿದ್ದರೆ ಮಾಲು ಸರಿಯಿಲ್ಲ, ಅಡ್ಡಿ ಇಲ್ಲ ಅಂದರೆ ತೂಕಕ್ಕೆ ಹಾಕಬಹುದು. ಮಗಳು ಪರದೇಶಕ್ಕೆ ಹೋಗುತ್ತೇನೆ ಅಂದಾಗ ನೆಂಟರೆಲ್ಲ ಬಾಯಿಗೆ ಬಂದದ್ದು ಆಡಿದರು. ಅಪ್ಪ ಅಡ್ಡಿ ಇಲ್ಲ ಅಂದರು, ಮಾತು ಅಲ್ಲಿಗೆ ಮುಗಿಯಿತು.

ಹೊಸ ಊರಿನಲ್ಲಿ ನಂದಾಗೆ ಕಷ್ಟ ಅನ್ನುವಂಥದ್ದೇನೂ ಇರಲಿಲ್ಲ. ಲಿಫ್ಟಿನಲ್ಲಿ ಎಲ್ಲರೂ ನಮಸ್ಕಾರ ಹೇಳುತ್ತಿದ್ದರು. ಹೇಳಿ ಆಮೇಲೆ ಬಾಗಿಲನ್ನೇ ನೋಡುತ್ತ ನಿಲ್ಲುತ್ತಿದ್ದರು. ಒಂದು ದಿನ ಜೊತೆಯ ನರ್ಸಿಗೆ ಅಭ್ಯಾಸಬಲದಿಂದ "ಊಟ ಆಯಿತೇ?" ಅಂತ ಜರ್ಮನ್‌ನಲ್ಲಿ ಕೇಳಿದಳು. ಆಕೆ ತನ್ನನ್ನು ಊಟಕ್ಕೆ ಕರೆಯುತ್ತಿದ್ದಾಳೆ ಅಂತ ತಿಳಿದು, ಮೊಬೈಲ್ ತೆಗೆದು ಮುಂದಿನ ತಿಂಗಳು ಯಾವ ದಿನ ಬಿಡುವಿದೆ ಅಂತ ಹುಡುಕತೊಡಗಿದಳು.

ಇದನ್ನು ಹೇಳಿದಾಗ ಯಲ್ಲೇಶ ಗೋಡೆಗೆ ಒರಗಿ ನಕ್ಕ. "ನಾನಂತೂ ಬಂದ ಹೊಸದಾಗಿ ಬಸ್ಸಿನ್ಯಾಗ ಬಾಜೂ ಕುಂತವನ್ನ 'ಯಾವೂರು ನಿಮ್ಮದು?' ಅಂತ ಕೇಳಿದ್ದೆ. ಅವ ಎದ್ದು ಬ್ಯಾರೆ ಸೀಟಿಗೆ ಹ್ವಾದ."

"ನೀವು ಕೇಳೂ ಧಾಟಿಗೆ ನಾನಾದ್ರೂ ಎದ್ದು ಹೋಗ್ತಿದ್ದೆ."

"ಹೋಗ್ಲಿಲ್ಲಲ್ಲ?" ಅಂದ ಅವನು, ನಗು ನಿಲ್ಲಿಸಿ.

ನಂದಾ ಕೈಯಲ್ಲಿದ್ದ ಚಹಾದ ಕಪ್ಪಿನೊಳಗೆ ಏನೋ ಬಿದ್ದಿದೆಯೇನೋ ಅನ್ನುವಂತೆ ನೋಡತೊಡಗಿದಳು. ಕಪ್ಪಿನಲ್ಲಿ ಏನೂ ಬಿದ್ದಿರಲಿಲ್ಲ.

ಹೀಗೇ ದಿನ ಸಾಗಿದವು. ಯಾವ ಕಸ ಯಾವ ಬಣ್ಣದ ಡಬ್ಬಿಗೆ ಅಂತ ಅವನು ತೋರಿಸಿಕೊಟ್ಟ, ಅವನ ಜರ್ಮನ್ ಕಾಗುಣಿತವನ್ನು ಅವಳು ತಿದ್ದಿದಳು. ತಾನು ಚಿಕ್ಕವನಿದ್ದಾಗ ಕುರಿ ಹೊಡೆದುಕೊಂಡು ಗದಗಿನ ಕಡೆ ಹೋಗುತ್ತಿದ್ದದ್ದನ್ನು ಅವನು ಹೇಳುತ್ತಿದ್ದ. ಅಲ್ಲಿನ ಗುಡ್ಡದ ಮೇಲೆ ಗಾಳಿಯಂತ್ರಗಳು. ಬಯಲಿನಲ್ಲಿ ಬೇರೆ ನೆರಳಿಲ್ಲ, ಕುರಿಗಳೆಲ್ಲ ಕಂಬದ ನೆರಳಿನಲ್ಲಿ ಸಾಲಾಗಿ ಮಲಗುತ್ತಿದ್ದವು, ನೆರಳು ಸರಿದಂತೆ ಎದ್ದು ಸರಿಯುತ್ತಿದ್ದವು.

"ಕುರಿ ಕೆಳಗ ನೋಡ್ತಿದ್ದು, ನಾ ಮ್ಯಾಲೆ ನೋಡ್ತಿದ್ದೆ. ಇದು ತಿರಗೂದು ಹೆಂಗ ಅಂತ. ಅದನ್ನ ನೋಡ್ಕೋಂತ ಇಲ್ಲೀತನಾ ಬಂದೇನ್ರಿ."

ಕೆಲಸಕ್ಕೆ ಹೋದರೆ ಅವನು ವಾರಗಟ್ಟಲೆ ಸಮುದ್ರದಲ್ಲೇ ಇರಬೇಕು. ಅವನು ಹೋದ ಭಾನುವಾರ ನಂದಾ ರೊಟ್ಟಿಗೆ ಕೂತಳು. ಎಷ್ಟು ಬಡಿದರೂ ಕೆಳಗಿನಿಂದ ಸದ್ದಿಲ್ಲ. ಇನ್ನಷ್ಟು ಜೋರಾಗಿ ಬಡಿದಳು, ರೊಟ್ಟಿ ಹರಿಯಿತು. ಹರಿದ ರೊಟ್ಟಿಯನ್ನು ಮುಂದಿಟ್ಟುಕೊಂಡು ಅವಳು ತನಗೆ ತಾನೇ ಒಪ್ಪಿಕೊಂಡಳು: ಅವನಿಲ್ಲದಿದ್ದರೆ ಈ ಶಹರ ತನಗೆ ಬೇಡ. ಪ್ರೀತಿ ಅಂದರೆ ಇದೇ ಇರಬೇಕು. ಬೇರೆ ಏನಾದರೂ ಇದ್ದೀತು ಅಂತ ಯೋಚಿಸಿದಳು, ಹೊಳೆಯಲಿಲ್ಲ.

ಅವನು ಹಿಂತಿರುಗಿದ ದಿನ ಇಬ್ಬರೂ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಮಷಿನ್ ಮುಂದೆ ಸಿಕ್ಕರು. ಅವನ ಕೆಲಸದ ಅಂಗಿಗಳಿಂದ ಉಪ್ಪು ನೀರಿನ ವಾಸನೆ ಬರುತ್ತಿತ್ತು. ಮಷಿನ್ ಹಚ್ಚಿ, ಅದರ ಗಾಜಿನ ಬಾಗಿಲನ್ನೇ ನೋಡುತ್ತ ಯಲ್ಲೇಶ ಹೇಳಿದ:

"ಅಲ್ಲಿ ಮ್ಯಾಲೆ ಏರಿ ನಿಂತ್ರ ಬರೇ ಗಾಳಿ ಸಪ್ಪಳ. ಈ ಸಲ ಅದರಾಗ ನನಗ ರೊಟ್ಟಿ ಬಡ್ಯೂ ಸಪ್ಪಳಾನ ಕೇಳಾಕತ್ತಿತ್ತು, ನಂದಾ."

ಇಷ್ಟು ದಿನ 'ನಂದಾ ಅವರ' ಅನ್ನುತ್ತಿದ್ದವನು ಆ 'ಅವರ'ನ್ನು ಸಮುದ್ರದಲ್ಲೇ ಬಿಟ್ಟು ಬಂದಿದ್ದ. ನಂದಾ ಅದನ್ನು ಗಮನಿಸಿದಳು. ಅವಳು ಗಮನಿಸಿದ್ದನ್ನು ಅವನೂ ಗಮನಿಸಿದ.

"ನನ್ನ ಮದವಿ ಆಗಾಕ ನಿನಗೇನರ ಅಡ್ಡಿ ಐತೇನು?"

"ನನಗ ಇಲ್ಲ," ಅಂದಳು ನಂದಾ. ಕಣ್ಣು ತುಂಬಿ ಬಂದಿದ್ದವು. "ಆದ್ರ ಅಪ್ಪಾರ್ನ ಕೇಳಬೇಕು."

ಯಲ್ಲೇಶ ತಲೆಯಾಡಿಸಿದ. "ನಿಮ್ಮ ಮನ್ಯಾಗ ಲಿಂಗಾ ಕಟ್ತಾರ. ನಮ್ಮ ಮನ್ಯಾಗ ಕುರಿ ಕಟ್ತಾರ. ಏನಂತಾರ ಅವ್ರು?"

"ಅವ್ರು ಬ್ಯಾಡ ಅಂದ್ರ ನಾ ಓಡಿ ಬರಾಕಿ ಅಲ್ಲ. ಈಗ ಹೇಳಿ ಇಟ್ಟೇನಿ."

"ಒಂದು ಮಹಡಿ ಇಳ್ಯಾಕ ಯಾಕ ಓಡ್ತಿ? ಲಿಫ್ಟ್ ಐತಿ," ಅಂದ ಅವನು. ಆದರೆ ಅವನ ನಗು ಅರ್ಧಕ್ಕೇ ನಿಂತಿತ್ತು. ಇಬ್ಬರ ಬದುಕೂ ಈಗ ಅಣ್ಣಿಗೇರಿಯ ಒಬ್ಬ ಕಡಿಮೆ ಮಾತಿನ ಮನುಷ್ಯನ ನಾಲಿಗೆಯ ಮೇಲಿತ್ತು.

ಮರುದಿನವೇ ನಂದಾ ವಿಡಿಯೋ ಕಾಲ್ ಮಾಡಿದಳು. ಅಪ್ಪ ಊಟಕ್ಕೆ ಕೂತಿದ್ದರು. ತಂಬಿಗೆಗೆ ಮೊಬೈಲ್ ಆನಿಸಿಟ್ಟು ಅವ್ವ ಸುಶೀಲವ್ವ ಒಳಗೆ ಹೋದಳು. ಇದೇ ಸಮಯ ಅಂತ ನಂದಾ ಕಣ್ಣು ಮುಚ್ಚಿಕೊಂಡು ಎಲ್ಲ ಹೇಳಿದಳು. ಹುಡುಗನ ಹೆಸರು, ಊರು, ಅವನ ಅಪ್ಪ ತಿರಕಪ್ಪನವರ ಕುರಿ, ಅವರ ಮಗ್ಗದ ಕಂಬಳಿ, ಕೊನೆಗೆ ತನ್ನ ಮನಸ್ಸು. ಕಣ್ಣು ತೆರೆದಾಗ ಅಪ್ಪ ತುತ್ತು ಅಗಿಯುತ್ತಿದ್ದರು. ಯಾವುದಕ್ಕೋ ಕೈ ಚಾಚಿ, ಒಂದು ಚಿಟಿಕೆ ಏನನ್ನೋ ತಟ್ಟೆಗೆ ಉದುರಿಸಿಕೊಂಡರು. ಒಳಗಿನಿಂದ ಅವ್ವ ಏನೋ ಅಂದಂತಾಯಿತು. ಅಪ್ಪ ತುತ್ತು ನುಂಗಿದರು.

"ಅಡ್ಡಿ ಇಲ್ಲ," ಅಂದರು. "ಇಡ್ತೇನಿ ಇನ್ನ. ಕೈ ಎಂಜಲಾಗೇತಿ."

ನಂದಾ ಲಿಫ್ಟ್ ಮರೆತು ಮೆಟ್ಟಿಲು ಹಾರಿ ಕೆಳಗೆ ಓಡಿದಳು.

ಆಮೇಲೆ ಎಷ್ಟೋ ಸಲ ಕಾಲ್ ಆಯಿತು. ಅಪ್ಪ ಮಳೆ, ಹೆಸರಿನ ಬೆಳೆ, ಮಂಡಿ ನೋವು ಇಷ್ಟೇ ಮಾತಾಡಿದರು. ಅವ್ವನೂ ವಿಷಯ ಎತ್ತಲಿಲ್ಲ. ಸಿಟ್ಟಿರಬಹುದು, ಎದುರಿಗೆ ಹೋದರೆ ಇಳಿದೀತು ಅಂತ ನಂದಾ ತಾನೂ ಎತ್ತಲಿಲ್ಲ. ಇಬ್ಬರೂ ರಜೆ ಹಾಕಿ ಊರಿಗೆ ಬಂದರು.

ಬಂದ ಮರುದಿನ ಬೆಳಿಗ್ಗೆ ಅಪ್ಪ ಅಂಗಡಿಗೆ ಹೋದ ಮೇಲೆ ಅವಳು ಮೆಲ್ಲಗೆ ಅಂದಳು: "ಅವ್ವಾ, ಬಮ್ಮಿಗಟ್ಟಿಯವರು ಇವತ್ತ ಊಟಕ್ಕ ಬರ್ತಾರ."

"ಯಾವ ಬಮ್ಮಿಗಟ್ಟಿಯವರು?"

ನಂದಾ ಅವ್ವನ ಎದುರಿಗೆ ಕೂತಳು. ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿ, "ಅಪ್ಪಾರು ಫೋನಿನ್ಯಾಗ ಅಡ್ಡಿ ಇಲ್ಲ ಅಂದ್ರಲ್ಲಬೇ," ಅಂದಳು.

ಸುಶೀಲವ್ವ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಶಿವನ! ನಾ ಒಳಗಿಂದ ಬದನೀಕಾಯಿ ಪಲ್ಯಾ ಹೆಂಗಾಗೇತ್ರಿ ಅಂತ ಕೇಳಿದ್ದೆ. ಅದಕ್ಕ ಅಂದಾರ ಅವ್ರು! ಇಂಥಾದ್ದು ಅವ್ರ ಕಿವಿಗೆ ಬಿದ್ದಿದ್ರ ನನಗ ಹೇಳದ ಇರ್ತಿದ್ರೇನ?"

ನಂದಾ ಯಲ್ಲೇಶನಿಗೆ ಫೋನ್ ಮಾಡಿದಳು. ತನ್ನ ಅಪ್ಪನ ಜೊತೆ ಅವನು ಆಗಲೇ ಬಸ್ಸಿನಲ್ಲಿದ್ದ.

"ಹೊಳ್ಳಿ ಹೋಗ್ರಿ. ಅಪ್ಪಾರು ಅಂದಿದ್ದು ನಿಮಗಲ್ಲಂತ. ಬದನೀಕಾಯಿಗಂತ." ಹೆದರಿಕೆಯಲ್ಲಿ ಅವಳ 'ರಿ' ವಾಪಸು ಬಂದಿತ್ತು.

ಬಸ್ಸಿನ ಸದ್ದಿನ ನಡುವೆ ಯಲ್ಲೇಶ, "ಇಷ್ಟು ದೂರ ಬಂದೇನಿ. ನನಗೂ ಒಂದ್ಸಲ ಅಂತಾರೇನು ಕೇಳೇ ಹೋಗ್ತೇನಿ," ಅಂದ.

ಮಧ್ಯಾಹ್ನ ಪಡಸಾಲೆಯಲ್ಲಿ ಮೂವರು ಗಂಡಸರು ಊಟಕ್ಕೆ ಕೂತರು. ಕುಬೇರಪ್ಪನವರು ಬಂದವರನ್ನು ನೋಡಿ "ಬರ್ರಿ, ಕುಂದರ್ರಿ" ಅಂದದ್ದು ಬಿಟ್ಟರೆ ಬೇರೆ ಮಾತಿಲ್ಲ. ತಿರಕಪ್ಪ ಮಡಿಚಿದ ಕಂಬಳಿಯನ್ನು ಪಕ್ಕದಲ್ಲಿಟ್ಟುಕೊಂಡು ಅವರ ಮುಖವನ್ನೇ ಮತ್ತೆ ಮತ್ತೆ ನೋಡುತ್ತಿದ್ದರು. ಯಲ್ಲೇಶನ ಕಣ್ಣು ತಟ್ಟೆ ಬಿಟ್ಟು ಏಳಲಿಲ್ಲ. ಅಡುಗೆಮನೆಯಲ್ಲಿ ನಂದಾ ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಿದ್ದರೆ ಅಳು ಕೇಳಿಸುವುದಿಲ್ಲ ಅಂತ.

ಕೊನೆಗೆ ಸುಶೀಲವ್ವಗೇ ತಡೆಯದಾಯಿತು. ಪಲ್ಯ ಬಡಿಸುವ ಸೌಟು ಹಿಡಿದುಕೊಂಡೇ ಅಂದಳು: "ಕೇಳಿದ್ರೇನ್ರಿ? ಆವತ್ತ ಫೋನ್ ಬಂದಾಗ ನೀವು ನನ್ನ ಪಲ್ಯಾಕ್ಕ ಅಡ್ಡಿ ಇಲ್ಲ ಅಂದ್ರಿ. ಈ ಹುಚ್ಚಿ ತನ್ನ ಮದವಿಗೆ ಅಂದ್ರು ಅಂತ ತಿಳಕೊಂಡು ಇವರ್ನ ಕರಿಸಿ ಕುಂದರಿಸ್ಯಾಳ!"

ಒಳಗೆ ರೊಟ್ಟಿಯ ಸಪ್ಪಳ ನಿಂತಿತು.

ಕುಬೇರಪ್ಪನವರು ಬಾಯಿಯ ತುತ್ತನ್ನು ನಿಧಾನವಾಗಿ ಅಗಿದು ನುಂಗಿದರು. ನೀರು ಕುಡಿದರು.

"ಆವತ್ತ ಪಲ್ಯಾಕ್ಕ ಉಪ್ಪು ಹಾಕಿದ್ದಿ ಏನು?"

"ಆಂ?"

"ಹಾಕಿರಲಿಲ್ಲ. ನಾನ ಮ್ಯಾಲೆ ಉದುರಿಸಿಕೊಂಡು ಉಂಡೆ. ಉಪ್ಪಿಲ್ಲದ ಪಲ್ಯಾಕ್ಕ ಅಡ್ಡಿ ಇಲ್ಲ ಅಂತ ನಾ ಯಾವಾಗರ ಅಂದೇನೇನು?"

ಸುಶೀಲವ್ವನ ಕೈಯ ಸೌಟಿನಿಂದ ಪಲ್ಯ ನೆಲಕ್ಕೆ ಜಾರಿತು. "ಮತ್ತ ಇಷ್ಟು ದಿನ ನನಗ ಒಂದು ಮಾತು ಹೇಳ್ಲಿಲ್ಲಲ್ರಿ!"

"ಕೇಳಿದಾಕಿ ಆಕಿ. ಆಕಿಗೆ ಹೇಳಿದೆ. ನಿನಗ ತಾನ ಹೇಳಿರ್ತಾಳ ಅಂತ ತಿಳಕೊಂಡೆ. ಒಂದ ಮಾತು ಎಷ್ಟ ಸಲ ಹೇಳೂದು?"

ಅಷ್ಟರಲ್ಲಿ ತಿರಕಪ್ಪ ತೊಡೆ ತಟ್ಟಿಕೊಂಡು, "ಈಗ ನೆನಪಾತು ನೋಡ್ರಿ!" ಅಂದರು. "ಹೋದ ಚಳಿಗಾಲದಾಗ ನಮ್ಮ ಮನಿಗೆ ಕಂಬಳಿ ಕೊಳ್ಳಾಕ ಬಂದ ಸಾವ್ಕಾರ್ರು ನೀವ ಅಲ್ರೀ? ಹಗಲೆಲ್ಲಾ ಕುಂತು, ಮಜ್ಜಿಗಿ ಕುಡದು, ಮಗಾ ಎಂಥಾವ ಅಂತ ಊರ ಮಂದೀನೆಲ್ಲ ಕೇಳಿ ಹೋಗಿದ್ರಿ."

ಅದು ಫೋನ್ ಬಂದ ಮರುವಾರದ ಮಾತು. ಕುಬೇರಪ್ಪನವರು ಬೇರೆ ಕಡೆ ನೋಡಿದರು. ಯಲ್ಲೇಶ ಮೊದಲ ಸಲ ತಟ್ಟೆಯಿಂದ ತಲೆ ಎತ್ತಿದ.

"ಕಂಬಳಿ ಹೆಂಗೈತಿ ಅಂತ ನೋಡಾಕ ಹೋಗಿದ್ದೆ," ಅಂದರು ಅವರು. "ಅಡ್ಡಿ ಇರಲಿಲ್ಲ."

ಒಳಗೆ ನಂದಾ ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡು, ಬಾಗಿಲ ಸಂದಿಯಿಂದ ನೋಡಿದಳು. ಯಲ್ಲೇಶ ಅವಳನ್ನೇ ನೋಡುತ್ತಿದ್ದ. ಅವಳ ಕೆನ್ನೆಯ ತುಂಬ ಜೋಳದ ಹಿಟ್ಟು.

ಅಪ್ಪ ಖಾಲಿಯಾದ ತಟ್ಟೆಯನ್ನು ನೋಡಿದರು, ಪಕ್ಕದ ಹುಡುಗನ ಖಾಲಿ ತಟ್ಟೆಯನ್ನೂ ನೋಡಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದರು:

"ಯಾಕ ನಿಲ್ಲಿಸಿದಿ? ಬಡಿ. ಅಳಿಯಾಗ ರೊಟ್ಟಿ ಬೇಕು."