ಅರ್ಧ ಕಪ್ಪು, ಅರ್ಧ ಕಿತ್ತಳೆ

"ಇದು ಒಂದು ಚಿಟ್ಟೆ ಅಲ್ಲ... ಎರಡು! ಯಾರೋ ಅಂಟಿಸಿದ್ದಾರೆ."

ಸಭಾಂಗಣದಲ್ಲಿದ್ದ ನಲವತ್ತು ಜನರೂ ಒಮ್ಮೆಲೇ ತಿರುಗಿ ನೋಡಿದರು. ಹಾಗೆಂದವನು ಮಾತ್ರ ತಲೆ ಎತ್ತಲಿಲ್ಲ. ಕುತ್ತಿಗೆಯ ಕಪ್ಪು ದಾರಕ್ಕೆ ಕಟ್ಟಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು, ಗಾಜಿನ ಪೆಟ್ಟಿಗೆಗೆ ಮೂಗು ತಾಗುವಷ್ಟು ಬಾಗಿ ನಿಂತಿದ್ದ. ಊರಿನ ವಸ್ತುಸಂಗ್ರಹಾಲಯದಲ್ಲಿ ಕೀಟಗಳ ಕೋಣೆಯನ್ನು ನೋಡಿಕೊಳ್ಳುವವನು ಅವನು. ಕೀಟಪ್ರಿಯರ ಸಂಘದ ವಾರ್ಷಿಕ ಪ್ರದರ್ಶನಕ್ಕೆ ಈ ಸಲ ಅವನೇ ತೀರ್ಪುಗಾರ.

ಪೆಟ್ಟಿಗೆಯ ಒಡತಿ ಎರಡು ಹೆಜ್ಜೆ ದೂರದಲ್ಲೇ ನಿಂತಿದ್ದಳು.

"ಆ ಯಾರೋ ನಾನೇ," ಎಂದಳು. "ಆದ್ರೆ ಅಂಟಿಸಿಲ್ಲ."

ಆಗ ಅವನು ತಲೆ ಎತ್ತಿದ. ಅವಳ ಕಣ್ಣಲ್ಲಿ ಕೆಂಡ. ಅವನ ಕಣ್ಣಲ್ಲಿ ಗಲಿಬಿಲಿ. ಸುಳ್ಳೇಕೆ ಹೇಳಬೇಕು, ಆ ಒಂದು ಕ್ಷಣ ಅವಳಿಗೆ ಅವನ ಕಣ್ಣು ಚೆಂದವಾಗಿಯೇ ಕಂಡಿತ್ತು! ಅದಕ್ಕೇ ಮುಂದಿನ ಮಾತು ಇನ್ನಷ್ಟು ಉರಿಯಿತು.

"ನೀವು ಏನು ಕೆಲಸ ಮಾಡ್ತೀರಿ?" ಎಂದ ಅವನು.

"ಟೈಲರ್. ಕೋಟು, ಯೂನಿಫಾರ್ಮು, ಕಿಟಕಿ ಪರದೆ."

"ಓ... ಹಾಗಾದ್ರೆ ಕೈ ಕುದುರಿದೆ ಬಿಡಿ. ಇಷ್ಟು ನೀಟಾಗಿ ಜೋಡಿಸಿದ್ದನ್ನ ನಾನು ಎಲ್ಲೂ ನೋಡಿಲ್ಲ."

ಪಾಪ, ಅವನು ಅದನ್ನು ಹೊಗಳಿಕೆ ಎಂದೇ ಹೇಳಿದ್ದ. ಸುತ್ತಲಿದ್ದವರು ಗೊಳ್ಳೆಂದು ನಕ್ಕರು.

ಆ ಜಾತಿಯ ಚಿಟ್ಟೆಯಲ್ಲಿ ಗಂಡಿನ ರೆಕ್ಕೆ ಕಪ್ಪು, ನಡುವೆ ಬಿಳಿ ಬೊಟ್ಟು. ಹೆಣ್ಣಿನದು ಕಿತ್ತಳೆ. ಅಕ್ಕಪಕ್ಕ ಇಟ್ಟರೆ ಸಂಬಂಧಿಕರೆಂದು ಯಾರೂ ಹೇಳಲಾರರು. ಅವಳ ಪೆಟ್ಟಿಗೆಯಲ್ಲಿದ್ದ ಚಿಟ್ಟೆಗೋ, ಎಡಗಡೆ ಎರಡು ರೆಕ್ಕೆ ಕಪ್ಪು, ಬಲಗಡೆ ಎರಡು ರೆಕ್ಕೆ ಕಿತ್ತಳೆ. ಗೆರೆ ಎಳೆದು ಕತ್ತರಿಸಿದ ಹಾಗೆ!

"ಇದರ ಹುಳ ನಮ್ಮ ಅಂಗಡಿ ಮುಂದಿನ ಕುಂಡದಲ್ಲಿತ್ತು," ಎಂದಳು ಅವಳು. "ಇಸ್ತ್ರಿ ಮೇಜಿನ ಅಡಿ ಹೋಗಿ ನೇತಾಡ್ತು. ಕೋಶ ಒಡೆದು ಹೊರಗೆ ಬಂದಾಗ್ಲೇ ಹೀಗಿತ್ತು. ಒಂಬತ್ತು ದಿನ ಹತ್ತಿಯಲ್ಲಿ ಸಕ್ಕರೆ ನೀರು ಕುಡಿಸಿದೀನಿ. ತಾನಾಗೇ ಸತ್ತ ಮೇಲಷ್ಟೇ ಪಿನ್ ಮಾಡಿದ್ದು. ನಾನು ಯಾವ ಹುಳಾನೂ ಕೊಲ್ಲಲ್ಲ. ಅಪ್ಪನೂ ನೋಡಿದ್ದಾರೆ!"

ಸಂಘದ ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಅವರು ಮೆಲ್ಲಗೆ ನಕ್ಕರು. "ಹೆತ್ತವರಿಗೆ ಹೆಗ್ಗಣ ಮುದ್ದು, ಅಲ್ವೇನಮ್ಮ? ಹೀಗೆಲ್ಲ ಕೂಗಾಡ್ಬೇಡ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಗುತ್ತೆ. 'ತಮಾಷೆಗೆ ಜೋಡಿಸಿದ್ದೆ' ಅಂತ ಒಂದು ಸಾಲು ಬರ್ಕೊಡು. ನಿನ್ನ ಉಳಿದ ಆರು ಪೆಟ್ಟಿಗೆ ಇಲ್ಲೇ ಇರ್ಲಿ."

"ಬರ್ಕೊಡಲ್ಲ."

"ಅಲ್ಲಮ್ಮ..."

"ಏಳೂ ಪೆಟ್ಟಿಗೆ ಮನೆಗೆ ಹೋಗುತ್ತೆ ಸರ್."

ಎರಡು ಸಲ ಓಡಾಡಿ ಏಳು ಪೆಟ್ಟಿಗೆಗಳನ್ನೂ ಆಟೋಗೆ ಇಟ್ಟಳು. ಅಳು ಬಂದದ್ದು ಆಟೋ ತಿರುವು ದಾಟಿದ ಮೇಲೆ. ಅಲ್ಲಿಯವರೆಗೂ ಒಂದು ಹನಿ ಬೀಳಲು ಅವಳು ಬಿಡಲಿಲ್ಲ.

*

ಸುದ್ದಿಗೆ ಕಾಲಿರುವುದಿಲ್ಲ, ಆದರೂ ಓಡುತ್ತದೆ. ಮಾರನೆಯ ದಿನ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವನೊಬ್ಬ ಹಲ್ಲು ಕಿರಿದ. "ಏನು ಮೇಡಂ, ಚಿಟ್ಟೆಗೂ ತೇಪೆ ಹಾಕ್ತೀರಂತೆ?"

ಅವಳ ಹೊಲಿಗೆ ಯಂತ್ರ ಇನ್ನಷ್ಟು ಜೋರಾಗಿ ಓಡಿತು.

'ಹನ್ನೊಂದು ವರ್ಷ... ಒಂದೊಂದು ಹುಳಕ್ಕೂ ದಿನ, ಜಾಗ ಬರೆದಿಟ್ಟೆ. ಎಂದೂ ಒಂದು ಸುಳ್ಳು ಅಕ್ಷರ ಬರೆಯಲಿಲ್ಲ. ಒಂದು ಮಾತಿನಲ್ಲಿ ಕಳ್ಳಿಯಾಗಿಬಿಟ್ಟೆನಲ್ಲ!'

ಎದುರಿನ ಮೇಜಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಅಪ್ಪ ಕನ್ನಡಕದ ಮೇಲಿಂದ ನೋಡಿದರು. "ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ. ಆ ಪುಣ್ಯಾತ್ಮ ಕಂಡ, ಪ್ರಮಾಣಿಸಲಿಲ್ಲ. ತಪ್ಪು ಅವನದು. ನೀನು ಯಾಕೆ ಆ ಯೂನಿಫಾರ್ಮನ್ನ ಸಾಯ್ಸ್ತಾ ಇದ್ದೀ?"

ಐದನೆಯ ದಿನ ಮಧ್ಯಾಹ್ನ ಆ ಪುಣ್ಯಾತ್ಮನೇ ಅಂಗಡಿಯ ಬಾಗಿಲಲ್ಲಿ ನಿಂತಿದ್ದ! ಕೊರಳಲ್ಲಿ ಅದೇ ಭೂತಗನ್ನಡಿ.

"ಏನಪ್ಪ, ಗುಂಡಿ ಕಿತ್ತುಹೋಗಿದ್ಯಾ?" ಎಂದರು ಅಪ್ಪ. ಯಾರೆಂದು ಅವರಿಗೆ ಗೊತ್ತಿಲ್ಲದೇ ಇರಲಿಲ್ಲ.

"ಇಲ್ಲ... ಅವತ್ತು ನನ್ನ ಮಾತು ತಪ್ಪಾಯ್ತೇನೋ ಅಂತ..."

"ಏನೋ ಯಾಕೆ?" ಯಂತ್ರದ ಹಿಂದಿನಿಂದ ಅವಳ ದನಿ ಬಂತು.

ಅವನು ಜೇಬಿನಿಂದ ಒಂದು ಫೋಟೊ ತೆಗೆದು ಮೇಜಿನ ಮೇಲಿಟ್ಟ. ಅಂದು ಸಭಾಂಗಣದಲ್ಲಿ ತೆಗೆದದ್ದು, ಈಗ ದೊಡ್ಡದಾಗಿ ಅಚ್ಚು ಹಾಕಿಸಿದ್ದ.

"ಇಲ್ನೋಡಿ, ಮೈ ಮೇಲಿನ ಕೂದಲು. ಸರಿಯಾಗಿ ನಡುವೆ ಬಣ್ಣ ಬದಲಾಗಿದೆ. ಮೋಸ ಮಾಡೋರು ರೆಕ್ಕೆ ಅಂಟಿಸ್ತಾರೆ, ಮೈಯನ್ನ ಉದ್ದಕ್ಕೆ ಸೀಳಿ ಯಾರೂ ಅಂಟಿಸಲ್ಲ. ನಾನು ಅವತ್ತು ರೆಕ್ಕೆ ಮಾತ್ರ ನೋಡಿದೆ."

"ಅಂದ್ರೆ?"

"ಅಪರೂಪಕ್ಕೆ ಒಂದೇ ಮೈಯಲ್ಲಿ ಅರ್ಧ ಗಂಡು, ಅರ್ಧ ಹೆಣ್ಣು ಹುಟ್ಟುತ್ತೆ. ಪುಸ್ತಕದಲ್ಲಿ ಓದಿದ್ದೀನಿ, ಕಣ್ಣಾರೆ ನೋಡಿಲ್ಲ. ಒಂದು ಪರೀಕ್ಷೆ ಮಾಡಿದ್ರೆ ಯಾರೂ ತುಟಿ ಬಿಚ್ಚೋ ಹಾಗಿಲ್ಲ. ಒದ್ದೆ ಮರಳಿನ ಡಬ್ಬಿಯಲ್ಲಿ ಎರಡು ದಿನ ಇಟ್ರೆ ಒಣಗಿದ ಮೈ ಮೆತ್ತಗಾಗುತ್ತೆ. ಅಂಟು ಇದ್ರೆ ಬಿಟ್ಕೊಳ್ಳುತ್ತೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡ್ಬಹುದು."

ಅವಳಿಗೆ ಗೊತ್ತಿತ್ತು. ಮೆತ್ತಗಾದ ರೆಕ್ಕೆಯನ್ನು ಮತ್ತೆ ಹರಡಿ ಒಣಗಿಸಬೇಕು. ಕೈ ಸ್ವಲ್ಪ ನಡುಗಿದರೆ ಹರಿಯುತ್ತದೆ. ಡಬ್ಬಿಯಲ್ಲಿ ಬೂಷ್ಟು ಹಿಡಿದರೂ ಮುಗಿಯಿತು. ಚಿಟ್ಟೆಯೂ ಹೋಯಿತು, ಸಾಕ್ಷಿಯೂ ಹೋಯಿತು.

'ನನಗೆ ನಿಜ ಗೊತ್ತು. ಅಷ್ಟು ಸಾಲದೇ?'

ಸಾಲದು... ಎಂದಿತು ಮನಸ್ಸು.

"ಎರಡು ಷರತ್ತು," ಅವಳು ಎದ್ದು ನಿಂತಳು. "ಚಿಟ್ಟೆ ಮುಟ್ಟೋದು ನನ್ನ ಕೈ ಮಾತ್ರ. ಇನ್ನೊಂದು, ನಿಜ ಅಂತ ಗೊತ್ತಾದ್ರೆ, ಸುಳ್ಳು ಅಂದ ಜಾಗದಲ್ಲೇ ನಿಂತು ಹೇಳ್ಬೇಕು. ಅದೇ ಜನರ ಮುಂದೆ."

"ಆಯ್ತು."

ಇಷ್ಟು ಬೇಗ ಒಪ್ಪಿಕೊಂಡದ್ದು ಅವಳಿಗೆ ಯಾಕೋ ಹಿಡಿಸಲಿಲ್ಲ. ಜಗಳಕ್ಕೆ ಇನ್ನೂ ನಾಲ್ಕು ಮಾತು ಸಿದ್ಧವಾಗಿದ್ದವು, ಎಲ್ಲವೂ ವ್ಯರ್ಥ!

*

ಸಂಗ್ರಹಾಲಯದ ಹಿಂದಿನ ಕೋಣೆ. ನೆಲದಿಂದ ಛಾವಣಿವರೆಗೆ ಮರದ ಡ್ರಾಯರುಗಳು, ನುಸಿಗುಳಿಗೆಯ ವಾಸನೆ, ಕಿಟಕಿಯ ಬಳಿ ಒಂದೇ ಒಂದು ಒಳ್ಳೆಯ ಕುರ್ಚಿ. ಅದನ್ನು ಅವಳಿಗೆ ಬಿಟ್ಟು ಅವನು ಸ್ಟೂಲಿನ ಮೇಲೆ ಕುಳಿತ.

ದಿನಕ್ಕೆರಡು ಸಲ ಅವಳು ಬಂದು ಡಬ್ಬಿ ತೆರೆದು, ಬೂಷ್ಟು ಬಂದಿಲ್ಲವೆಂದು ನೋಡಿ ಮುಚ್ಚುತ್ತಿದ್ದಳು. ಅದಕ್ಕೆ ಎರಡು ನಿಮಿಷ ಸಾಕು. ಆದರೆ ಗಂಟೆಗಟ್ಟಲೆ ಹೇಗೆ ಕಳೆಯುತ್ತಿತ್ತೋ ಇಬ್ಬರಿಗೂ ಗೊತ್ತಾಗಲಿಲ್ಲ. ಅವನು ಟೀ ಮಾಡಿಕೊಟ್ಟ. ಹಸಿರು ದುಂಬಿಗಳ ಡ್ರಾಯರು ಎಳೆದು ತೋರಿಸಿದ. ತನಗೆ ಕೆಲಸ ಕಲಿಸಿದ ಹಿರಿಯರ ಕಥೆ ಹೇಳಿದ. ಯಾರೋ ವ್ಯಾಪಾರಿ ಅಂಟಿಸಿದ ಚಿಟ್ಟೆಯನ್ನು ಅವರು ನಿಜವೆಂದು ನಂಬಿ ಕೊಂಡಿದ್ದರಂತೆ. ಕೆಲಸ ಬಿಡುವವರೆಗೂ ಜನ ಅವರನ್ನು ಆಡಿಕೊಂಡರಂತೆ.

"ಅವತ್ತಿಂದ ನನಗೆ ಎಲ್ಲದರಲ್ಲೂ ಅಂಟೇ ಕಾಣುತ್ತೆ," ಅಂದ ತಲೆ ತಗ್ಗಿಸಿ. "ಅವರಿಗಾದ ಅವಮಾನವನ್ನ ನಿಮಗೆ ಮಾಡಿಬಿಟ್ಟೆ."

ಕೋಪ ಮಾಡಿಕೊಳ್ಳಲು ಅವಳು ಪ್ರಾಮಾಣಿಕವಾಗಿ ಪ್ರಯತ್ನಿಸಿದಳು. ಬರಲಿಲ್ಲ.

ಮೂರನೆಯ ಬೆಳಿಗ್ಗೆ ಡಬ್ಬಿ ತೆರೆದಳು. ಚಿಮಟದಿಂದ ಕಪ್ಪು ರೆಕ್ಕೆಯನ್ನು ಬುಡದಲ್ಲಿ ಮೆಲ್ಲನೆ ಎತ್ತಿದಳು. ಬಾಗಿತು, ಬಿಡಲಿಲ್ಲ. ಕಿತ್ತಳೆ ರೆಕ್ಕೆ... ಅದೂ ಬಿಡಲಿಲ್ಲ. ನಾಲ್ಕೂ ಗಟ್ಟಿ! ಚಿಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪಕ್ಕಕ್ಕೆ ಸರಿದಳು. ಅವನು ಬಗ್ಗಿ ನೋಡಿದ. ನೋಡುತ್ತಲೇ ಇದ್ದ.

"ಹೊಟ್ಟೆಯ ತುದೀಲಿ ಒಂದು ಪಕ್ಕ ಗಂಡು, ಒಂದು ಪಕ್ಕ ಹೆಣ್ಣು," ಅವನ ದನಿ ಒದ್ದೆಯಾಗಿತ್ತು. "ಒಂದೇ... ಒಂದೇ ಚಿಟ್ಟೆ!"

ಅವಳು ತುಟಿ ಕಚ್ಚಿಕೊಂಡು ಕೆಲಸಕ್ಕೆ ಕುಳಿತಳು. ಮೈಯನ್ನು ಹಲಗೆಯ ಸೀಳಿನಲ್ಲಿ ನಿಲ್ಲಿಸಿ, ರೆಕ್ಕೆಯನ್ನು ಸೂಜಿಮೊನೆಯಿಂದ ಒಂದೊಂದು ಕೂದಲಿನಷ್ಟು ಸರಿಸಿ, ಬಟ್ಟೆಯ ಮಾದರಿ ಕತ್ತರಿಸುವ ತೆಳು ಕಾಗದದ ಪಟ್ಟಿಯನ್ನು ಮೇಲೆ ಹಾಸಿ, ಅಂಚಿನ ಹೊರಗೆ ಪಿನ್ನು ಚುಚ್ಚಿದಳು. ಮೂವತ್ತೆರಡು ಪಿನ್ನು. ಅವನು ಉಸಿರು ಬಿಗಿಹಿಡಿದು ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ಒಂದು ಪಿನ್ನೂ ರೆಕ್ಕೆಗೆ ತಾಗ್ಲಿಲ್ಲ..."

"ಬಟ್ಟೆಗೆ ತಪ್ಪು ಜಾಗದಲ್ಲಿ ಸೂಜಿ ಚುಚ್ಚಿದ್ರೆ ತೂತು ಹಾಗೇ ಉಳಿಯುತ್ತೆ. ಅಪ್ಪ ಮೊದಲು ಕಲಿಸಿದ್ದೇ ಅದು." ಹಾಗೆನ್ನುವಾಗ ಅವಳ ಕುತ್ತಿಗೆ ತಾನಾಗಿಯೇ ನೆಟ್ಟಗಾಯಿತು. ಹೆಮ್ಮೆ ಪಡಲು ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೂ ಅವನು ನೋಡುತ್ತಿದ್ದಾನೆಂಬುದು ಹಿತವಾಗಿತ್ತು.

ಅವಳು ಚೀಲ ಹೆಗಲಿಗೇರಿಸಿದಳು. ಅವನು ತಡಬಡಾಯಿಸಿ ಎದ್ದ.

"ಇದನ್ನ... ಸಂಗ್ರಹಾಲಯಕ್ಕೆ ಕೊಡ್ತೀರಾ?"

ಅವಳ ಮುಖ ಆರಿದ ಇಸ್ತ್ರಿಪೆಟ್ಟಿಗೆಯಂತೆ ತಣ್ಣಗಾಯಿತು.

'ಓಹೋ! ಟೀ, ಒಳ್ಳೆಯ ಕುರ್ಚಿ, ಗುರುಗಳ ಕಥೆ... ಎಲ್ಲ ಇದಕ್ಕೇನಾ? ನಾನೊಬ್ಬಳು ಪೆದ್ದಿ, ಏನೇನೋ ಅಂದುಕೊಂಡೆ!'

"ಒಣಗೋಕೆ ನಾಲ್ಕು ದಿನ ಬೇಕು," ಎಂದಳು. "ನಮ್ಮ ಮನೇಲೇ ಒಣಗುತ್ತೆ."

"ಅಲ್ಲ, ನಾನು ಹೇಳಿದ್ದು..."

"ಗೊತ್ತಾಯ್ತು ಬಿಡಿ."

ಹಲಗೆಯನ್ನು ಎರಡೂ ಕೈಯಲ್ಲಿ ತುಂಬಿದ ಬಟ್ಟಲಿನಂತೆ ಹಿಡಿದು ಹೊರಟೇಬಿಟ್ಟಳು. ಓಡುವ ಹಾಗೂ ಇರಲಿಲ್ಲ. ಕೋಪದಲ್ಲಿ ನಿಧಾನವಾಗಿ ನಡೆಯುವ ಕಷ್ಟ ಅಂದು ಅವಳಿಗೆ ಗೊತ್ತಾಯಿತು.

*

ಭಾನುವಾರ ಸಂಘದ ಸಭೆ. ಅವಳು ಹೋಗುವುದಿಲ್ಲವೆಂದಳು.

"ಹೇಳ್ತಾನೋ ಇಲ್ವೋ. ಅವನಿಗೆ ಬೇಕಾಗಿದ್ದು ಸಿಗ್ಲಿಲ್ಲವಲ್ಲ."

"ಹೇಳ್ದೇ ಇದ್ರೆ ನೀನೇ ಹೇಳು," ಎಂದರು ಅಪ್ಪ. "ತಪ್ಪು ಮಾಡ್ದೇ ಇರೋಳು ಮನೇಲಿ ಕೂತ್ರೆ, ತಪ್ಪು ಮಾಡಿದೋನು ಎಲ್ಲಿ ಕೂರ್ಬೇಕು? ಎದ್ದೇಳು ಮಗಳೇ."

ತಾನೇ ಹೊಲಿದ ನೀಲಿ ಕೋಟು ತೊಟ್ಟು, ಪೆಟ್ಟಿಗೆ ಎದೆಗೆ ಅಪ್ಪಿಕೊಂಡು ಅವಳು ಅಪ್ಪನ ಜೊತೆ ಸಭಾಂಗಣದ ಒಳಗೆ ಕಾಲಿಟ್ಟಾಗ ಅವನು ಆಗಲೇ ವೇದಿಕೆಯ ಮೇಲಿದ್ದ. ಅವಳಿಗಾಗಿ ಕಾದವನಂತೆ, ಅವಳು ಕುಳಿತ ಮೇಲೆ ಬಾಯಿ ತೆರೆದ.

"ಎರಡು ವಾರದ ಹಿಂದೆ ಇಲ್ಲಿ ಒಂದು ಸುಳ್ಳು ಹೇಳಲಾಯ್ತು. ಹೇಳಿದೋನು ನಾನು. ಆ ಚಿಟ್ಟೆ ಅಂಟಿಸಿದ್ದಲ್ಲ. ಹುಟ್ಟಿದ್ದೇ ಹಾಗೆ. ನನ್ನ ಕೋಣೇಲಿ ಹನ್ನೆರಡು ಸಾವಿರ ಚಿಟ್ಟೆ ಇವೆ. ಇಂಥದ್ದು ಒಂದೂ ಇಲ್ಲ."

ಸಭೆ ಗುಜುಗುಜು ಎಂದಿತು.

"ಅದು ಎಷ್ಟು ಚೆನ್ನಾಗಿತ್ತು ಅಂದ್ರೆ, ನಿಜ ಇರೋಕೆ ಸಾಧ್ಯವೇ ಇಲ್ಲ ಅಂದ್ಕೊಂಡೆ. ಅದು ಅವರ ತಪ್ಪಲ್ಲ, ನನ್ನ ಕಣ್ಣಿನ ದೋಷ. ಆ ಕೈ ಕೆಲಸವನ್ನ ನಾನು ಹತ್ತಿರದಿಂದ ನೋಡಿದೀನಿ. ನನಗೆ ಇನ್ನೂ ಹತ್ತು ವರ್ಷ ಬೇಕು ಅದು ಬರೋಕೆ. ಇನ್ನೊಂದು ಮಾತು... ಆ ಚಿಟ್ಟೆಯನ್ನ ಸಂಗ್ರಹಾಲಯಕ್ಕೆ ಕೇಳಿದ್ದೆ. ಕೇಳೋ ಯೋಗ್ಯತೆ ನನಗಿರಲಿಲ್ಲ. ಅದು ಅವರದ್ದು. ಅವರಲ್ಲೇ ಇರುತ್ತೆ."

ಅವನು ವೇದಿಕೆಯಿಂದ ಇಳಿದು, ಅವಳ ಎದುರು ಬಂದು, ಎಲ್ಲರಿಗೂ ಕಾಣುವಂತೆ ತಲೆಬಾಗಿದ. "ತಪ್ಪಾಯ್ತು. ಕ್ಷಮಿಸಿ."

ಮೊದಲು ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಇಡೀ ಸಭಾಂಗಣ! ಅವಳು ಎದ್ದು ನಿಂತಳು. ಅಂದು ನಕ್ಕ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಪೆಟ್ಟಿಗೆಯನ್ನು ಮೇಜಿನ ನಟ್ಟನಡುವೆ ತಾನೇ ಇಟ್ಟಳು. ಜನ ಮುಗಿಬಿದ್ದರು.

ಅಧ್ಯಕ್ಷರು ಕೈ ಹೊಸೆಯುತ್ತಾ ಬಂದರು. "ನಾನೂ ದುಡುಕಿದೆ ಕಣಮ್ಮ."

"ಹೆಗ್ಗಣ ಅಲ್ಲ ಮೇಷ್ಟ್ರೇ, ಚಿಟ್ಟೆ!" ಎಂದರು ಅಪ್ಪ. ಎದೆ ಎರಡಂಗುಲ ಉಬ್ಬಿತ್ತು. ಅವರೇ ಹೊಲಿದ ಅಂಗಿಯಲ್ಲವೇ, ಗುಂಡಿ ಕೀಳಲಿಲ್ಲ.

*

ಅವನು ಹೊರಗೆ ಮೆಟ್ಟಿಲ ಮೇಲೆ ಒಬ್ಬನೇ ನಿಂತಿದ್ದ. ಸಂಜೆ ಬಿಸಿಲು ಬೀದಿಯಲ್ಲಿ ಚೆಲ್ಲಿತ್ತು. ಅವಳು ಬಂದು ಪಕ್ಕದಲ್ಲಿ ನಿಂತಳು.

"ಅವತ್ತು ಚಿಟ್ಟೆ ಯಾಕೆ ಕೇಳಿದ್ರಿ? ನಿಜ ಹೇಳಿ."

"ನೀವು ಚೀಲ ತಗೊಂಡು ಹೊರಟ್ರಿ. ಕೆಲಸ ಮುಗಿದಿತ್ತು. ಇನ್ನು ನೀವು ಬರೋಕೆ ಯಾವ ಕಾರಣಾನೂ ಇರಲಿಲ್ಲ. ಚಿಟ್ಟೆ ಅಲ್ಲಿದ್ರೆ... ಅದನ್ನ ನೋಡೋಕಾದ್ರೂ ಬರ್ತೀರಿ ಅನ್ನಿಸ್ತು."

ಅವಳ ಕೆನ್ನೆ ಬಿಸಿಯಾಯಿತು. 'ದೇವರೇ! ಇಷ್ಟು ದಿನ ಸುಮ್ಮನೆ ಉರಿದೆನಾ?'

"ನೇರವಾಗಿ ಹೇಳೋಕೆ ಬರಲ್ವಾ ನಿಮಗೆ?"

"ನಲವತ್ತು ಜನರ ಮುಂದೆ ತಪ್ಪಾಯ್ತು ಅಂದೆ. ಅದು ಸುಲಭ. ಇದು ಕಷ್ಟ..." ಅವನು ಗಂಟಲು ಸರಿಮಾಡಿಕೊಂಡ. "ನಿಮ್ಮ ಮೇಲೆ ಪ್ರೀತಿ ಆಗಿದೆ. ನನ್ನ ಕೋಣೇಲಿ ಆ ಕುರ್ಚಿ ಖಾಲಿ ಇದ್ರೆ ನೋಡೋಕಾಗಲ್ಲ."

ಅವಳು ಬೀದಿಯಿಂದ ಕಣ್ಣು ತೆಗೆದು ಅವನತ್ತ ತಿರುಗಿದಳು.

"ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ."

"ನೋಡಿದೀನಿ."

"ಅಂಗಡಿ ಬಿಡಲ್ಲ. ಹುಳಗಳನ್ನೂ ಬಿಡಲ್ಲ. ಅಪ್ಪನನ್ನಂತೂ ಬಿಡೋದೇ ಇಲ್ಲ."

"ಬಿಟ್ರೆ ನಾನೇ ಜಗಳ ಆಡ್ತೀನಿ."

ಅವಳಿಗೆ ನಗು ಬಂತು. ತಡೆದಳು. ತಡೆಯಲಾಗಲಿಲ್ಲ.

"ಆದ್ರೆ ಒಂದು ಮಾತು ನೆನಪಿರ್ಲಿ. ನಾನು ಸೋತು ಹ್ಞೂಂ ಅಂತಿಲ್ಲ."

"ಗೊತ್ತು," ಎಂದ ಅವನು. "ಗೆದ್ದು ಅಂತಿದ್ದೀರಿ."

"ಹ್ಞೂಂ," ಎಂದಳು ಅವಳು, ತಲೆ ಎತ್ತಿಯೇ.