ಬೆಂದುಹೋದ ಕಿಣ್ವ

“ನಿಮ್ಮ ಬಫರ್‌ನಲ್ಲೇ ಆಸಿಡ್ ಜಾಸ್ತಿ ಆಗಿದೆ,” ಎಂದಳು ಸಂಶೋಧಕಿ.

ಬಫರ್ ಸಾಹೇಬನ ಮುಖ ಸಪ್ಪಗಾಯಿತು. ಪ್ರಯೋಗಾಲಯಕ್ಕೆಲ್ಲ ಬಫರ್, ಅಂದರೆ ಆಮ್ಲದ ಹದ ಕಾಯುವ ದ್ರಾವಣ, ಬೆರೆಸಿಕೊಡುವ ಅವನಿಗೆ ಆ ಅಡ್ಡಹೆಸರು ಬಿದ್ದದ್ದೇ ಆ ಹದ ಕೂದಲೆಳೆಯಷ್ಟೂ ತಪ್ಪದ ಕಾರಣಕ್ಕೆ. ಬೇರೆ ಯಾರಾದರೂ ಅಂದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದ. ಅಂದವಳು ಇವಳು. ಕನ್ನಡಕದ ಮೇಲಿಂದ ಅವಳು ಬೀರಿದ ನೋಟಕ್ಕೇ ಅರ್ಧ ಕರಗಿ, ಅವಳೆದುರೇ ಆಮ್ಲ ಅಳೆಯುವ ಮೀಟರ್ ಅದ್ದಿ ತೋರಿಸಿದ. ಸರಿಯಾಗಿ ಏಳು, ಆಮ್ಲವೂ ಅಲ್ಲ ಕ್ಷಾರವೂ ಅಲ್ಲ.

“ಹಾಗಾದ್ರೆ ನನ್ನ ಎನ್‌ಜೈಮ್‌ಗೆ ಏನು ದಾಡಿ?” ಎಂದು ಅವಳು ಸ್ಟೂಲಿನ ಮೇಲೆ ಕುಸಿದಳು.

ಬೆಳಗ್ಗೆ ಚುರುಕಾಗಿರುವ ಕಿಣ್ವ ಊಟದ ಹೊತ್ತಿಗೆ ಸತ್ತಂತೆ ಬಿದ್ದಿರುತ್ತಿತ್ತು. ನಾಳೆಯೂ ಹೀಗೇ ಆದರೆ ಯೋಜನೆ ಮುಚ್ಚಿ ಅವಳನ್ನು ಬೇರೆ ಊರಿಗೆ ಕಳಿಸುವುದಾಗಿ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಹೇಳಿದ್ದರು. ಅದನ್ನು ಕೇಳಿದಂದಿನಿಂದ ಸಾಹೇಬನಿಗೆ ಊಟ ರುಚಿಸುತ್ತಿರಲಿಲ್ಲ.

ಆಮ್ಲ ಹೆಚ್ಚಾದರೂ ಶಾಖ ಹೆಚ್ಚಾದರೂ ಕಿಣ್ವದ ಮಡಚಿಕೊಂಡ ಆಕಾರ ಬಿಚ್ಚಿಹೋಗುತ್ತದೆ, ಕೆಲಸ ನಿಲ್ಲುತ್ತದೆ. ಆಮ್ಲವಂತೂ ಸರಿಯಿದೆ. ಟ್ಯೂಬುಗಳನ್ನಿಟ್ಟ ಬೆಚ್ಚನೆ ನೀರಿನ ತೊಟ್ಟಿ, ವಾಟರ್‌ಬಾತ್, ಮೂವತ್ತೇಳು ಡಿಗ್ರಿಯಲ್ಲೇ ಇರುತ್ತದಲ್ಲ, ಅದನ್ನು ಯಾರು ಮುಟ್ಟುತ್ತಾರೆ ಎಂದು ಅವಳು ಗೊಣಗಿದಳು.

ಸಾಹೇಬ ತಟ್ಟನೆ ವಾಟರ್‌ಬಾತಿನತ್ತ ತಿರುಗಿದ. ಮುಟ್ಟುತ್ತಿದ್ದವನು ಅವನೇ. ದಿನಾ ಅವಳು ಮೀಟಿಂಗಿಗೆ ಹೋದಾಗ, ಪಾಪ, ತಣ್ಣಗಿನ ಊಟ ಉಣ್ಣಬಾರದೆಂದು ಅವಳ ಡಬ್ಬಿಯನ್ನು ಆ ನೀರಿಗಿಳಿಸಿ ಶಾಖವನ್ನು ಎಪ್ಪತ್ತಕ್ಕೆ ಏರಿಸುತ್ತಿದ್ದ. ಅವಳು ಬರುವುದರೊಳಗೆ ಇಳಿಸುತ್ತಿದ್ದ. ಪಕ್ಕದಲ್ಲೇ ನಿಂತ ಟ್ಯೂಬುಗಳು ಪ್ರೇಮದ ಕಣ್ಣಿಗೆ ಬಿದ್ದಿರಲಿಲ್ಲ. ಅವಳೋ, ತನ್ನ ಡಬ್ಬಿ ಒಳ್ಳೇ ಕಂಪನಿಯದೆಂದು ಎಲ್ಲರೆದುರು ಹೊಗಳಿಕೊಳ್ಳುತ್ತಿದ್ದಳು.

ಬಾಯಿ ಬಿಟ್ಟರೆ ಅವಳ ಸಿಟ್ಟು, ಬಿಡದಿದ್ದರೆ ಅವಳೇ ಇಲ್ಲ. ಎಲ್ಲ ಹೇಳಿಬಿಟ್ಟ.

“ಯಾಕೆ ಹೀಗೆ ಮಾಡಿದ್ರಿ?”

“ನೀವಂದ್ರೆ ಇಷ್ಟ. ಅದಕ್ಕೆ.”

ಅವಳು ಬಾಯಿಗೆ ಬಂದಂತೆ ಬೈದಳು. ಮರುದಿನ ಹೊಸ ಕಿಣ್ವ ತಂದು, ವಾಟರ್‌ಬಾತಿಗೆ ಅವನನ್ನೇ ಕಾವಲು ನಿಲ್ಲಿಸಿ ಪ್ರಯೋಗ ಹೂಡಿದಳು. ಮಧ್ಯಾಹ್ನ ಟ್ಯೂಬುಗಳೆಲ್ಲ ಹಳದಿಗೆ ತಿರುಗಿದವು. ಕಿಣ್ವ ಜೀವಂತವಾಗಿತ್ತು. ಮೇಡಂ ನೋಡಿ, ಯೋಜನೆ ಮುಂದುವರಿಯಲಿ ಎಂದು ಹೇಳಿ ಹೋದರು.

ಇಬ್ಬರೇ ಉಳಿದಾಗ ಸಾಹೇಬ ಕ್ಷಮೆ ಕೇಳಿದ. ಹಳೆಯ ಕಿಣ್ವವನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಹೋದೀತೇ ಎಂದೂ ಮೆಲ್ಲಗೆ ವಿಚಾರಿಸಿದ.

“ಇಲ್ಲ. ಅಷ್ಟು ಬೆಂದ ಮೇಲೆ ಎಷ್ಟು ತಣ್ಣಗೆ ಮಾಡಿದ್ರೂ ಅದು ಮೊದಲಿನ ಹಾಗೆ ಆಗಲ್ಲ.” ಅವನತ್ತ ನೋಡದೆ ಅವಳು ಕನ್ನಡಕ ಒರೆಸತೊಡಗಿದಳು. “ನಿನ್ನೆ ನೀವು ಇಷ್ಟ ಅಂದದ್ದು ಕೇಳಿದ ಮೇಲೆ ನನ್ನ ಗತಿನೂ ಅದೇ. ಈಗೇನ್ ಮಾಡ್ತೀರಿ?”

ಸಾಹೇಬ ಕಾವಲು ಬಿಟ್ಟು ಬಂದು ಅವಳ ಕೈ ಹಿಡಿದ.