ಗಾಳಿಯ ಗೋಡೆ

ಬೆಳ್ಳಿ ಎಂಬ ಬೆಕ್ಕು ಅಂಗಳದಿಂದ ರಸ್ತೆಯತ್ತ ನಡೆದು, ಕರಿಬೇವಿನ ಗಿಡದ ಬಳಿ ಗಕ್ಕನೆ ನಿಂತಿತು. ಎದುರಿಗೆ ತಂತಿಯಿಲ್ಲ, ಜಾಲರಿಯಿಲ್ಲ. ಮೀಸೆ ಮುಂದೆ ಚಾಚಿ, ಗಾಳಿಯನ್ನೇ ಮುಟ್ಟಿ ನೋಡಿದಂತೆ ಮಾಡಿ ಹಿಂದಿರುಗಿತು.

ಅಲ್ಲಿದ್ದುದು ಶಾಂಭವಿ ಹಂಚಿನಮನಿ ಕಂಡುಹಿಡಿದ ಬೇಲಿ. ಅಂಗಳದ ಮೂಲೆಗಳಲ್ಲಿ ನೆಡುವ ಮೊಣಕಾಲೆತ್ತರದ ನಾಲ್ಕು ಕಂಬಗಳು ಗಾಳಿಯನ್ನು ಬಹು ಸಣ್ಣಗೆ ನಡುಗಿಸುತ್ತವೆ. ಮನುಷ್ಯರ ಚರ್ಮಕ್ಕೆ ಅದು ತಿಳಿಯದು. ಬೆಕ್ಕಿನ ಮೀಸೆಯ ಬುಡದ ನರಗಳಿಗೆ ಮಾತ್ರ ಅಲ್ಲೊಂದು ಗೋಡೆ ಇದ್ದಂತೆ ಅನಿಸುತ್ತದೆ. ಗಾಡಿಗೆ ಸಿಕ್ಕು ಸತ್ತ ತನ್ನ ಬೆಕ್ಕನ್ನು ರಸ್ತೆಯಿಂದ ಗೋಣಿಚೀಲದಲ್ಲಿ ಎತ್ತಿ ತಂದ ವಾರವೇ ಅವಳು ಈ ಕೆಲಸಕ್ಕೆ ಕೂತಿದ್ದಳು. ಈಗ ಧಾರವಾಡದ ಮನೆಮನೆಯಲ್ಲೂ ಕಂಬಗಳಿವೆ. ಆರು ವರ್ಷಗಳಿಂದ ಊರಿನ ರಸ್ತೆಗಳಲ್ಲಿ ಒಂದು ಬೆಕ್ಕೂ ಸತ್ತಿಲ್ಲವೆಂಬ ವರದಿ ಮೊನ್ನೆ ಬಂದಾಗ, ಅಂಕಿ ಸರಿಯಿದೆಯೇ ಎಂದು ನೋಡಿ ಮಡಿಸಿಟ್ಟಿದ್ದಳು. ಬೇರೇನೂ ಅನಿಸಿರಲಿಲ್ಲ.

ಇವತ್ತು ಅವಳನ್ನು ಕರೆಸಿದವಳು ಬೆಳ್ಳಿಯನ್ನು ಸಾಕಿದ ಫಕೀರವ್ವ. ಹಳೆಯ ಮನೆ ನಾಳೆ ನೆಲಸಮವಾಗಲಿತ್ತು. ರಸ್ತೆಯಾಚೆ ಬಾಡಿಗೆ ಮನೆ ಹಿಡಿದಿದ್ದಳು.

"ಕಂಬ ಕಿತ್ತು ಎರಡ ತಿಂಗಳಾತ್ರೀ ಬಾಯಾರ. ಆದ್ರೂ ದಾಟವಲ್ದು. ಬುಟ್ಟ್ಯಾಗ ಹಾಕಿದ್ರ, ಗೆರಿ ಹತ್ರ ಬರೂದ್ರಾಗ ಪರಚಿ ಒಳಗ ಓಡತೈತಿ. ನೋಡ್ರಿ ನನ್ನ ಕೈ, ಮದರಂಗಿ ಹಚ್ಚಿದಂಗ ಆಗೇತಿ. ನಾಳೆ ಮನಿ ಕೆಡವೂವಾಗ ಇದು ಒಳಗ ಉಳದ್ರ?"

ಶಾಂಭವಿ ಕೆಳಗೆ ನೋಡಿದಳು. ಗೋಡೆ ಇದ್ದ ಜಾಗದುದ್ದಕ್ಕೂ ಬಿಳಿ ರಂಗೋಲಿಯ ಗೆರೆ.

"ಈ ಗೆರಿ ಯಾವಾಗಿಂದ?"

"ಕಂಬ ಹಾಕಿದ ದಿನದಿಂದ್ರೀ. ಕಣ್ಣಿಗೆ ಕಾಣದ ಗ್ವಾಡಿ ಮನಿ ಮುಂದ ಇದ್ರ ಹೆಂಗ? ಓಣ್ಯಾಗ ಎಲ್ಲಾರೂ ಹಾಕ್ತೀವಿ."

"ಕಂಬ ಕಿತ್ತ ಮ್ಯಾಲೂ?"

"ರೂಢಿ ಆದ ಕೈ ಕೇಳಬೇಕಲ್ರೀ."

ಶಾಂಭವಿ ಎರಡು ಕೊಡ ನೀರು ಸುರಿದು, ಕಸಬರಿಗೆಯಿಂದ ಗೆರೆಯನ್ನು ತಿಕ್ಕಿ ತೆಗೆದಳು. ನೆಲ ಆರುವ ಹೊತ್ತಿಗೆ ಬೆಳ್ಳಿ ಬಂತು. ಮೂಸಿತು. ಒಂದು ಕಾಲಿಟ್ಟಿತು, ಆಮೇಲೆ ಇನ್ನೊಂದು. ನೇರ ರಸ್ತೆಯ ನಡುವಿಗೆ ಹೋಗಿ ಕೂತು ಮೈ ನೆಕ್ಕಿಕೊಳ್ಳತೊಡಗಿತು.

ತಿರುವಿನಿಂದ ಗಾಡಿಯೊಂದು ಬರುತ್ತಿತ್ತು. ಫಕೀರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಶಾಂಭವಿಯ ತೋಳಿಗೆ ಗೋಣಿಚೀಲದ ಭಾರ ನೆನಪಾಯಿತು.

ಗಾಡಿ ಎರಡು ಮಾರು ದೂರದಲ್ಲಿ ತಾನಾಗಿ ನಿಂತಿತು. ಒಳಗೆ ಚಾಲಕನಿರಲಿಲ್ಲ. ಬೆಳ್ಳಿ ಬಾಲದ ತುದಿಯವರೆಗೂ ನೆಕ್ಕಿ ಮುಗಿಸಿ ಆಚೆ ದಾಟುವತನಕ ಅದು ಕಾಯಿತು.

"ನಿಂತೇ ಬಿಡ್ತಲ್ರೀ," ಎಂದಳು ಫಕೀರವ್ವ.

"ಎಲ್ಲಾ ಗಾಡೀನೂ ಹಿಂಗ ನಿಲ್ಲತಾವ. ಆರು ವರ್ಷಾತು."

ತನ್ನ ಬಾಯಿಂದ ಬಂದ ಅಂಕಿಯನ್ನು ಶಾಂಭವಿ ಕೇಳಿಸಿಕೊಂಡಳು. ವರದಿಯಲ್ಲಿದ್ದುದೂ ಅದೇ ಆರು. ಹೋಲಿಸಿ ನೋಡಲೆಂದು ಬೇಲಿಯಿಲ್ಲದ ಒಂದು ಬೆಕ್ಕನ್ನೂ ಅವಳು ಬಿಟ್ಟಿರಲಿಲ್ಲ; ಬಿಡಲು ಮನಸ್ಸಾಗಿರಲಿಲ್ಲ. ಬೆಕ್ಕುಗಳನ್ನು ಉಳಿಸಿದ್ದು ಗೋಡೆಯೋ ಗಾಡಿಗಳೋ, ಇನ್ನು ತಿಳಿಯುವಂತಿರಲಿಲ್ಲ.

ಫಕೀರವ್ವ ರಂಗೋಲಿ ಬಟ್ಟಲು ಹಿಡಿದು ಹೊಸ ಮನೆಯ ಮುಂದೆ ನಿಂತಳು. "ಇಲ್ಲಿ ಗೆರಿ ಹಾಕಲ್ಯೋ ಬ್ಯಾಡೋ, ಬಾಯಾರ?"

ಶಾಂಭವಿ ಓಣಿಯುದ್ದಕ್ಕೂ ಕಣ್ಣು ಹಾಯಿಸಿದಳು. ಪ್ರತಿ ಮನೆಯೆದುರು ಒಂದು ಬಿಳಿ ಗೆರೆ. ಗೆರೆಗಳ ಹಿಂದೆ ಕೂತ ಬೆಕ್ಕುಗಳು ಖಾಲಿ ರಸ್ತೆಯನ್ನು ನೋಡುತ್ತಿದ್ದವು. ಅಪಾಯ ಎಂದೋ ಮುಗಿದಿದೆಯೆಂದು ಅವುಗಳಿಗೆ ಯಾರೂ ಹೇಳಿರಲಿಲ್ಲ.